ಕಂಠ ಸಾಲದವರ ಕಛೇರಿ

‘ಕುರ್ಚಿ ಎಲ್ಲೇ?’ ಎಂದು ಕೇಳಿದರೆ ಮಗಳು ನಕ್ಕುಬಿಟ್ಟಳು. ‘ಇಲ್ಲಿ ನಿಂತೇ ಕೇಳೋದು ಕಣಮ್ಮ.’

ಗ್ಲಾಸ್ಗೋ ನಗರದ ಬ್ಯಾರೋಲ್ಯಾಂಡ್, 1934ರಲ್ಲಿ ನೃತ್ಯಕ್ಕೆಂದೇ ಕಟ್ಟಿದ ಸಭಾಂಗಣ. 1958ರಲ್ಲಿ ಸುಟ್ಟುಹೋಗಿ, 1960ರಲ್ಲಿ ಮತ್ತೆ ಎದ್ದು ನಿಂತಿತಂತೆ. ಜನ ಕುಣಿದರೆ ಕಾಲಡಿಯ ಹಲಗೆಯೂ ಸಣ್ಣಗೆ ಪುಟಿಯುತ್ತದೆ. ಕಿಕ್ಕಿರಿದ ಆ ಗುಂಪಿನಲ್ಲಿ ಸೀರೆಯ ಮೇಲೆ ಕೋಟು ತೊಟ್ಟವಳು ನಾನೊಬ್ಬಳೇ.

ಅಂದು ಹಾಡಿದ್ದು ಅದೇ ಊರಿನ ‘ಬೆಲ್ ಅಂಡ್ ಸೆಬಾಸ್ಟಿಯನ್’ ತಂಡ. ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡು ಹೊರತರುವವರಿಗೆ ‘ಇಂಡಿ’ ಎನ್ನುತ್ತಾರೆ. ಇವರ ಮೊದಲ ಆಲ್ಬಂ ‘ಟೈಗರ್‌ಮಿಲ್ಕ್’ 1996ರಲ್ಲಿ ಬಂದದ್ದು ಸ್ಥಳೀಯ ಕಾಲೇಜೊಂದರ ತರಗತಿಯ ಕೆಲಸವಾಗಿ. ಅಚ್ಚಾದದ್ದು ಒಂದೇ ಸಾವಿರ ಪ್ರತಿ. ಮುಖ್ಯ ಗಾಯಕ ಸ್ಟೂವರ್ಟ್ ಮರ್ಡಾಕ್ ಅದಕ್ಕೆ ಮುಂಚೆ ವರ್ಷಗಟ್ಟಲೆ ವಿಪರೀತ ಬಳಲಿಕೆಯ ಕಾಯಿಲೆಯಿಂದ ಮನೆ ಹಿಡಿದಿದ್ದವರು. ಹಾಡು ಕಟ್ಟತೊಡಗಿದ್ದು ಆ ದಿನಗಳಲ್ಲೇ.

ಮೊದಲ ಹಾಡಿಗೆ ನನಗೆ ನಿರಾಸೆಯಾಯಿತು. ಇದೇನು, ಇಷ್ಟು ಸಣ್ಣ ದನಿ! ನಾನು ಹನ್ನೆರಡರವಳಿದ್ದಾಗ ಸಂಗೀತದ ಮೇಷ್ಟ್ರು ‘ಕಂಠ ಸಾಲದಮ್ಮ, ಹೊಲಿಗೆ ಕಲಿ’ ಎಂದು ಮನೆಗೆ ಕಳಿಸಿದ್ದರು. ಅಂದಿನಿಂದ ಕುಕ್ಕರ್ ಕೂಗುವಾಗ ಮಾತ್ರ ಹಾಡುತ್ತೇನೆ, ಯಾರಿಗೂ ಕೇಳಬಾರದೆಂದು. ನನ್ನದಕ್ಕಿಂತ ಗಟ್ಟಿಯೇನಲ್ಲದ ಈ ದನಿಗೆ ಇಷ್ಟು ಜನವೇ ಎಂದು ಹೊಟ್ಟೆಕಿಚ್ಚೂ ಆಯಿತೆನ್ನಿ.

ಎರಡು ಮೂರು ಹಾಡು ಕಳೆದ ಮೇಲೆ ಗುಟ್ಟು ಹೊಳೆಯಿತು. ಆ ಹಾಡುಗಳು ಆ ದನಿಯ ಅಳತೆಗೇ ಹೊಲಿದಂಥವು. ಪಿಟೀಲು, ತುತ್ತೂರಿ ಎಲ್ಲ ತುಸು ಸರಿದು ದನಿಗೆ ದಾರಿ ಬಿಡುತ್ತವೆ. ಪಕ್ಕದ ಹಾಸಿಗೆಯವರೊಡನೆ ಆಡುವ ಮಾತಿನಷ್ಟೇ ಮೆಲ್ಲಗೆ ಆತ ಒಂಟಿ ಹುಡುಗಿಯರ, ಹೊಂದಿಕೊಳ್ಳಲಾರದ ಹುಡುಗರ ಕಥೆ ಹೇಳುತ್ತಾರೆ. ಕಂಪನಿಯ ಹಂಗಿಲ್ಲದಿರುವುದು ವ್ಯವಹಾರದ ಮಾತಾಯಿತು. ಇದ್ದ ದನಿಯನ್ನು ಇದ್ದಂತೆಯೇ ಇಟ್ಟುಕೊಳ್ಳುವುದಿದೆಯಲ್ಲ, ನಿಜವಾದ ಸ್ವಾತಂತ್ರ್ಯ ಅದು.

ಹಾಗೆಂದು ಎಲ್ಲವೂ ಚೆನ್ನಾಗಿತ್ತೆನ್ನಲಾರೆ. ಇವರ ಹಾಡಿಗೆ ಮಾತೇ ಜೀವ. ವೇಗದ ಹಾಡುಗಳಲ್ಲಿ ಡ್ರಮ್ಮಿನ ಅಬ್ಬರ ಆ ಮಾತನ್ನೇ ನುಂಗಿತು. ಬಾಯಿಪಾಠ ಬರುವ ಊರಿನವರು ಜೊತೆಗೆ ಹಾಡಿ ತುಂಬಿಕೊಂಡರು. ನನ್ನಂಥ ಪರದೇಶಿಗೆ ಅರ್ಧ ದಕ್ಕಲಿಲ್ಲ.

ಕೊನೆಕೊನೆಗೆ ಕೇಳುಗರನ್ನೇ ವೇದಿಕೆಗೆ ಕರೆದು ಕುಣಿಸಿದರು. ಇದು ಈ ತಂಡದ ಹಳೆಯ ರೂಢಿ. ‘ಇದೆಂಥ ಜಾತ್ರೆ’ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ದಪ್ಪ ಕನ್ನಡಕದ ಹುಡುಗಿಯೊಬ್ಬಳು ತಾಳಕ್ಕೂ ತನಗೂ ಸಂಬಂಧವೇ ಇಲ್ಲದಂತೆ ಕುಣಿಯುತ್ತಿದ್ದುದು ಕಣ್ಣಿಗೆ ಬಿತ್ತು. ‘ನಿನಗೆ ಬರೋಲ್ಲ, ಇಳಿ’ ಎಂದು ಅವಳಿಗೆ ಯಾರೂ ಹೇಳಲಿಲ್ಲ. ನಾನು ನೋಡುತ್ತಲೇ ಇದ್ದೆ.

ಮಾರನೆಯ ದಿನ ಮಗಳ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಾ ಹಾಡಿದೆ. ಒಲೆಯ ಮೇಲೆ ಕುಕ್ಕರ್ ಇರಲಿಲ್ಲ. ಆಚೆ ಕೋಣೆಯಲ್ಲಿ ಮಗಳು ಟೀವಿಯ ಸದ್ದು ತಗ್ಗಿಸಿದಳು.