ಅಚ್ಚಿನ ಪಾಠ, ಕೊರಳಿನ ಸಾಕ್ಷ್ಯ

ಕೊಳ್ಳೇಗಾಲ, ಹನೂರು, ಮಾರ್ಟಳ್ಳಿ ಸೀಮೆಯಲ್ಲಿ ಮಾದಪ್ಪನ ಕಥೆಯನ್ನು ಕಂಸಾಳೆಯ ದೇವರಗುಡ್ಡರು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಈ ಪರಿಶ್ರಮಕ್ಕೆ ನಾಡು ಋಣಿ. ಆದರೆ ಇಂಥ ಗ್ರಂಥಗಳನ್ನು ಪ್ರಮಾಣವಾಗಿ ಬಳಸುವ ಬಗೆಯನ್ನು ಕುರಿತು ಎರಡು ಮಾತು ಹೇಳಬೇಕಾಗಿದೆ.

ಕಾವ್ಯದಲ್ಲಿ ದೇವತೆಗಳನ್ನು ಸೆರೆಯಲ್ಲಿಟ್ಟ ದೊರೆ ಶ್ರವಣ. ಮಾದೇಶ್ವರನಿಂದ ಅವನ ಸಂಹಾರ. ಅವನ ಊರು ಬಂಕಾಪುರಿ. ಉತ್ತರಪುರಾಣದ ಪ್ರಶಸ್ತಿಯಲ್ಲೂ ಬಂಕಾಪುರದ ಹೆಸರಿದೆ. ‘ಶ್ರವಣ’ವೆಂದರೆ ಶ್ರಮಣ, ಆದ್ದರಿಂದ ಇದು ಜೈನ ಅರಸನ ಪತನದ ಚರಿತ್ರೆ ಎಂದು ತೀರ್ಮಾನಿಸುವ ಆಸೆ ಸಹಜವೇ. ಅದನ್ನು ಹಿಡಿದು ಹೆಮ್ಮೆಪಡುವವರೂ ನೊಂದುಕೊಳ್ಳುವವರೂ ಒಂದೇ ಅಡಿಪಾಯದ ಮೇಲೆ ನಿಂತಿರುತ್ತಾರೆ: ಮುದ್ರಿತ ಪುಟದ ಒಂದು ಹೆಸರು.

ಓಚರಿಲ್ಲದ ಜಮೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಹಾಡಿನ ಓಚರು ಹಾಡಿದವನ ಧ್ವನಿ. ಆ ಹೆಸರನ್ನು ಅವನು ಹೇಗೆ ಉಚ್ಚರಿಸಿದ? ಬೇರೆ ಮೇಳದವರ ಉಚ್ಚಾರಣೆಯೇನು? ಆ ಘಟ್ಟದಲ್ಲಿ ಕೊರಳು ಕೋಪಗೊಂಡಿತೇ, ಹಾಸ್ಯಕ್ಕೆ ತಿರುಗಿತೇ? ಹಿಮ್ಮೇಳ ಯಾವ ಸೊಲ್ಲನ್ನು ಎತ್ತಿಕೊಂಡಿತು? ಕನ್ನಡ ತಮಿಳುಗಳೆರಡೂ ಕೇಳುವ ಈ ಗಡಿಸೀಮೆಯ ನುಡಿಯನ್ನು ಅಕ್ಷರಗಳು ಪೂರ್ಣವಾಗಿ ಹಿಡಿಯಲಾರವು.

ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ತುಳು ಸಿರಿಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ಆಡಿಯೊ, ವಿಡಿಯೊ ಎರಡರಲ್ಲೂ ದಾಖಲಿಸಿದರು. 1998ರಲ್ಲಿ ಬಂದ ಗ್ರಂಥದಲ್ಲಿ 15,683 ಸಾಲುಗಳಿವೆ. ಅಲ್ಲಿ ಪಾಠದ ಹಿಂದೆ ಧ್ವನಿಯೂ ದೃಶ್ಯವೂ ಸಾಕ್ಷಿಗಳಾಗಿ ನಿಂತಿವೆ.

ಹಾಗೆಂದು ಟೇಪೇ ಸತ್ಯವೆಂದು ಭ್ರಮಿಸಬಾರದು. ಅರುವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಮೂವತ್ತೇ ನಿಮಿಷ. ರಾತ್ರಿಯಿಡೀ ಹಾಡುವ ಕಥೆ ಅಲ್ಲಿ ಕುಗ್ಗಲೇಬೇಕು. ಸಂಗ್ರಾಹಕನ ಕೋರಿಕೆಯಂತೆ ಕೋಣೆಯಲ್ಲಿ ಹಾಡಿದ್ದು ಬೇರೆ, ಒಕ್ಕಲಿನ ಮುಂದೆ ಹಾಡಿದ್ದು ಬೇರೆ. ಕ್ಯಾಮೆರಾ ಒಂದು ಕಡೆಗೆ ತಿರುಗಿದಾಗ ಮತ್ತೊಂದು ಕಡೆ ಮರೆಯಾಗುತ್ತದೆ. ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಅಚ್ಚು ಒಂದು ನಯ, ಧ್ವನಿ ಒಂದು ನಯ, ಚಿತ್ರ ಮತ್ತೊಂದು ನಯ. ಒಂದೇ ನಯವನ್ನು ಪ್ರಮಾಣವೆಂದು ಸಾಧಿಸುವುದು ಏಕಾಂತವಾದ.

ಇನ್ನೊಂದು ಧರ್ಮಸೂಕ್ಷ್ಮವಿದೆ. ಕಲಾವಿದನ ಒಪ್ಪಿಗೆಯಿಲ್ಲದೆ, ಹೆಸರಿಲ್ಲದೆ, ಪ್ರತಿಫಲವಿಲ್ಲದೆ ಧ್ವನಿಯನ್ನು ಬಳಸುವುದು ಕೊಡದುದನ್ನು ತೆಗೆದುಕೊಂಡಂತೆ. ಅಚೌರ್ಯವ್ರತಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಸದಿಗಳ ಟ್ರಸ್ಟುಗಳಲ್ಲಿಯೂ ಪ್ರವಚನಗಳ, ವೃದ್ಧ ಶ್ರಾವಿಕೆಯರು ಹಾಡುವ ಹಾಡುಗಳ ಕ್ಯಾಸೆಟ್ಟುಗಳು ಕಪಾಟು ಸೇರಿವೆ. ಹಾಡಿದವರಾರು, ಎಲ್ಲಿ, ಯಾವ ದಿನ, ಯಾರ ಎದುರು ಎಂಬುದನ್ನು ಹೇಳಬಲ್ಲವರು ಇರುವಾಗಲೇ ಪ್ರತಿಯೊಂದರ ಮೇಲೆ ಬರೆದಿಡುವುದು, ಟೇಪಿನ ಪದರ ಕಳಚುವ ಮುನ್ನ ಪ್ರತಿ ಮಾಡಿಸುವುದು, ಒಂದು ಪ್ರತಿಯನ್ನು ಹಾಡಿದವರ ಮನೆಗೆ ಮುಟ್ಟಿಸುವುದು ಹೆಚ್ಚು ಖರ್ಚಿನ ಕೆಲಸವಲ್ಲ. ಹೆಸರಿಲ್ಲದ ಧ್ವನಿಯಿಂದ ನಾಳೆ ಯಾರು ಏನನ್ನು ಬೇಕಾದರೂ ಸಾಧಿಸಬಹುದು.