ಸ್ವಂತ ಬಿಸಿನೆಸ್ಸು ಯಾರದು?

ನಮ್ಮ ಚಿಗವ್ವನ ಮಗ ಒಂದು ದಿನ ಟೈ ಕಟ್ಟಿಕೊಂಡು ತಂಬ್ರಹಳ್ಳಿಯ ನಮ್ಮ ಕೇರಿಗೆ ಬಂದ. ಬಿ.ಎ. ಮುಗಿಸಿ ಎರಡು ವರ್ಷ ಕೆಲಸವಿಲ್ಲದೆ ತಿರುಗಿದವನು. "ಲೇ ತಮ್ಮಾ, ಇನ್ನ ಯಾರ ಕೈಯಾಗೂ ದುಡಿಯಾಂಗಿಲ್ಲ. ಸ್ವಂತ ಬಿಸಿನೆಸ್ ಹಿಡದೀನಿ. ನಾನೇ ಮಾಲೀಕ" ಅಂದ. ಅವನ ಅಪ್ಪ ಬೇರೆಯವರ ಹೊಲದಲ್ಲಿ ವರ್ಷದ ಸಂಬಳಕ್ಕಿದ್ದ ಆಳು. ಮಾಲೀಕ ಅನ್ನೋ ಮಾತು ಕೇಳಿ ಚಿಗಪ್ಪನ ಮುಖದಲ್ಲಿ ಮೂಡಿದ ಬೆಳಕನ್ನು ನಾನು ಕಂಡೆ. ಅದನ್ನು ಹಗುರಾಗಿ ಆಡಿಕೊಳ್ಳುವುದು ನನ್ನಿಂದಾಗದು. ಅಪ್ಪ ಅಂಗಡಿಯ ಹೊರಗೆ ನಿಂತು ಸಾಮಾನು ಇಸಿದುಕೊಂಡದ್ದನ್ನು ನೋಡುತ್ತಾ ಬೆಳೆದವನಿಗೆ ಆ ಒಂದು ಮಾತಿನ ತೂಕವೇ ಬೇರೆ.

ಚೈನ್ ಕಂಪನಿಯವರು ಸೋಪು, ಪೌಡರಿಗಿಂತ ಮೊದಲು ಮಾರುವುದು ಈ ಮಾತನ್ನೇ. ಹಾಗಾಗಿ ಪದ್ಯವೊಂದನ್ನು ಬಿಡಿಸಿ ಓದುವ ಹಾಗೆ ಇದನ್ನೂ ಓದಬೇಕಾಗಿದೆ.

ಪಕ್ಕದ ಹಡಗಲಿ ಮಲ್ಲಿಗೆಗೆ ಹೆಸರಾದ ಊರು. ಬಸ್‌ಸ್ಟ್ಯಾಂಡಿನಲ್ಲಿ ಪುಟ್ಟಿ ಇಟ್ಟು ಕೂತ ಹೂವಿನಾಕಿಯನ್ನು ನೋಡಿರಿ. ಎಲ್ಲಿ ಕೊಳ್ಳಬೇಕು, ಎಷ್ಟು ಕೊಳ್ಳಬೇಕು ಎಂದು ಅವಳೇ ಗೊತ್ತುಮಾಡುತ್ತಾಳೆ. ಮುಂಜಾನೆ ಒಂದು ರೇಟು, ಕಡೇ ಬಸ್ಸಿನ ಹೊತ್ತಿಗೆ ಇನ್ನೊಂದು. ಮೊಳ ಹಾಕುವ ಕೈಯೂ ಅವಳದೇ, ಮೊಳ ಗಿಡ್ಡಾಯಿತು ಅಂತ ಬೈಸಿಕೊಳ್ಳುವವಳೂ ಅವಳೇ. ನಾಳೆ ಹೂವು ಬಿಟ್ಟು ಬಾಳೆಹಣ್ಣು ಮಾರಿದರೆ ಯಾರ ಅಪ್ಪಣೆಯೂ ಬೇಕಿಲ್ಲ. ಬಡ್ಡಿ ಸಾಲ ಕುತ್ತಿಗೆಗೆ ಸುತ್ತಿಕೊಂಡಿರಬಹುದು, ಆದರೂ ವ್ಯಾಪಾರ ಅವಳದು.

ನಮ್ಮಣ್ಣನದು? ಸಾಮಾನು ಕಂಪನಿಯದು. ರೇಟು ಕಂಪನಿಯದು. ಕಮಿಷನ್ನಿನ ಲೆಕ್ಕ ಕಂಪನಿಯದು, ಆ ಲೆಕ್ಕವನ್ನು ಬದಲಿಸುವ ಹಕ್ಕೂ ಕಂಪನಿಯದು. ಇದೆಲ್ಲದರ ಮೇಲೆ, ಅದೇ ಸೋಪು ಮಾರುವ ಇನ್ನೊಬ್ಬನನ್ನು ಅವನೇ ತನ್ನ ಓಣಿಗೆ ಕರೆತರಬೇಕು. ಯಾವ ಕಿರಾಣಿ ಅಂಗಡಿಯವನು ಗಿರಾಕಿಗೆ "ಬಾರಪ್ಪ, ನನ್ನೆದುರಿಗೇ ಒಂದು ಅಂಗಡಿ ಹಾಕು" ಅಂತ ಕೈಮುಗಿದಿದ್ದಾನೆ?

ಲೆಕ್ಕವನ್ನು ಮೇಷ್ಟ್ರಾದ ಗೆಳೆಯರು ಬೋರ್ಡಿನ ಮೇಲೆ ಬರೆದು ತೋರಿಸಲಿ. ಒಬ್ಬ ಐವರನ್ನು ಸೇರಿಸಿದ, ಆ ಐವರೂ ತಲಾ ಐವರನ್ನು ಸೇರಿಸಿದರು ಅಂತಿಟ್ಟುಕೊಳ್ಳಿ. ಆರನೇ ಮೆಟ್ಟಿಲಿಗೆ ಒಟ್ಟು 19,531 ಜನ. ಅದರಲ್ಲಿ 15,625 ಜನರ ಕೆಳಗೆ ಯಾರೂ ಇಲ್ಲ. ಎಲ್ಲರೂ ಪ್ರಾಮಾಣಿಕರಾಗಿ, ಒಬ್ಬನೂ ಸೋಮಾರಿಯಾಗದೆ, ಯೋಜನೆ ಪೂರಾ ಗೆದ್ದಾಗಿನ ಲೆಕ್ಕವಿದು. ನೂರಕ್ಕೆ 80 ಮಂದಿ ಅಡಿಗಲ್ಲು. ಒಂಬತ್ತನೇ ಮೆಟ್ಟಿಲೊಂದಕ್ಕೇ 19,53,125 ಜನ ಬೇಕು. ಎಲ್ಲಿಂದ ತರೋಣ? ಸಭೆಗಳಲ್ಲಿ ಮಾತ್ರ "ಸೋತವನು ಪ್ರಯತ್ನ ಮಾಡದವನು" ಅನ್ನುತ್ತಾರೆ. ಮೇಲಿನವನು ಮೇಲಿರುವುದು ಅವನ ಯೋಗ್ಯತೆಯಿಂದ, ಕೆಳಗಿನವನು ಕೆಳಗಿರುವುದು ಅವನದೇ ತಪ್ಪಿನಿಂದ. ಈ ಮಾತನ್ನು ನಾವು ಮೊದಲು ಎಲ್ಲಿ ಕೇಳಿದ್ದೆವು ಅಂತ ನಮ್ಮ ಕೇರಿಯ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಕಾನೂನು ಇಲ್ಲ ಎಂದಲ್ಲ. ಜನರನ್ನು ಸೇರಿಸಿ ದಿಢೀರ್ ದುಡ್ಡು ಮಾಡುವ ಹಣ ಚಲಾವಣೆಯ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ 1978ರದು. 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟದ ನಿಯಮಗಳೂ ಪಿರಮಿಡ್ ಯೋಜನೆ ಕೂಡದು ಎನ್ನುತ್ತವೆ. ಆದರೆ ಅದೇ ನಿಯಮಗಳು ಮಾರುವವನನ್ನು ಕಂಪನಿಗೆ ಸರಿಸಮ ನಿಂತು ವ್ಯವಹರಿಸುವ ಸ್ವತಂತ್ರ ವ್ಯಾಪಾರಿ ಎಂದು ಬರೆದಿವೆ. ಕಾಗದದ ಮೇಲೆ ಸರಿಸಮ. ಆಳಲ್ಲವಾದ್ದರಿಂದ ಕೂಲಿ ಕೇಳುವ ಹಾಗಿಲ್ಲ, ಪಿ.ಎಫ್. ಇಲ್ಲ, ನಷ್ಟ ಮಾತ್ರ ಸ್ವಂತದ್ದು. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಆಮ್‌ವೇ ಇಂಡಿಯಾದ 757.77 ಕೋಟಿ ರೂಪಾಯಿ ಆಸ್ತಿಯನ್ನು ಮುಟ್ಟುಗೋಲು ಹಾಕಿ, ಕಂಪನಿಯ ಗಮನವೆಲ್ಲ ಸದಸ್ಯರಾದರೆ ಶ್ರೀಮಂತರಾಗಬಹುದೆಂಬ ಪ್ರಚಾರದ ಮೇಲಿದೆಯೇ ಹೊರತು ಸಾಮಾನಿನ ಮೇಲಿಲ್ಲ ಎಂದು ಆರೋಪಿಸಿತು. ಕಂಪನಿ ಅದನ್ನು ಒಪ್ಪಲಿಲ್ಲ. ಅಮೆರಿಕದಲ್ಲಿ 2016ರಲ್ಲಿ ಹರ್ಬಲೈಫ್ 20 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡು, ನಿಜವಾದ ಗಿರಾಕಿಗೆ ಎಷ್ಟು ಮಾರಾಟವಾಯಿತು ಎಂಬುದರ ಮೇಲೆ ಪ್ರತಿಫಲ ಕೊಡುವ ಹಾಗೆ ತನ್ನ ಪದ್ಧತಿಯನ್ನು ಬದಲಿಸಬೇಕಾಯಿತು.

ದುಡಿಯುವವನಿಗೆ ವ್ಯಾಪಾರಿಯ ವೇಷ ಹಾಕುವ ಉಪಾಯ ಹಳೆಯದು. ಬೀಡಿ ಗುತ್ತಿಗೆದಾರರು ಎಲೆ, ತಂಬಾಕನ್ನು ಹೆಂಗಸರಿಗೆ ಮಾರಿದಂತೆಯೂ ಕಟ್ಟಿದ ಬೀಡಿಯನ್ನು ಅವರಿಂದ ಕೊಂಡಂತೆಯೂ ಲೆಕ್ಕ ತೋರಿಸುತ್ತಿದ್ದರು. ಮನೆಯಲ್ಲಿ ಕೂತು ಕಟ್ಟುವವಳನ್ನೂ 1966ರ ಬೀಡಿ ಕಾರ್ಮಿಕರ ಕಾಯ್ದೆ ಕಾರ್ಮಿಕಳೆಂದೇ ಎಣಿಸಿತು. ಮಾಲೀಕರು ಕೋರ್ಟಿಗೆ ಹೋದರು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆ ಊರ್ಜಿತವೆಂದಿತು. ಬೀಡಿ ಕಟ್ಟುವವಳಿಗೆ ಸಂಘವಿತ್ತು, ಕೇಳುವವರಿದ್ದರು. ಟೈ ಕಟ್ಟಿದವನಿಗೆ ಯಾರಿದ್ದಾರೆ? ಅವನು ತನ್ನನ್ನು ಕಾರ್ಮಿಕ ಅಂತ ಕರೆದುಕೊಳ್ಳಲೂ ಒಲ್ಲ.

"ಹಂಗಾರ ನೀನು ಕೆಲಸ ಕೊಡಿಸ್ತೀ ಏನು?" ಅಂತ ಅಣ್ಣ ನನ್ನ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಹಿಂದೆ ನಾನೂ ಹೊಸಪೇಟೆಯ ಒಂದು ಸಭೆಗೆ ಹೋದೆ. ಚಪ್ಪಾಳೆ, ಹಾಡು, ಕಾರಿನ ಫೋಟೋ. ಕಡೆಗೆ ಎಲ್ಲರ ಕೈಗೂ ಒಂದು ಹಾಳೆ ಕೊಟ್ಟು "ಗೊತ್ತಿರುವ ನೂರು ಜನರ ಹೆಸರು ಬರೀರಿ" ಅಂದರು. ನಾನು ಬರೆದೆ. ಅವ್ವ, ಸೋದರಮಾವ, ಕೂಲಿಗೆ ಹೋಗುವ ಅಕ್ಕಂದಿರು, ಹಾಸ್ಟೆಲಿನ ಗೆಳೆಯರು. ನಲವತ್ತಕ್ಕೆ ಬಂದಾಗ ಕೈ ನಿಂತಿತು. ಹೊಲವಿಲ್ಲದ ನಮಗೆ ಇದ್ದ ಆಸ್ತಿ ಇದೊಂದೇ: ಕಷ್ಟಕ್ಕೆ ಒಂದು ಸೇರು ಜೋಳ ಕೊಡುವವರು, ಹೆಣ ಹೊರುವವರು. ಕಂಪನಿ ಕೇಳಿದ ಬಂಡವಾಳ ಅದೇ ಆಗಿತ್ತು.

ಅಣ್ಣ ನೂರೂ ಬರೆದುಕೊಟ್ಟ. ಚಿಗವ್ವ ಮಹಿಳಾ ಸಂಘದಲ್ಲಿ ಇಪ್ಪತ್ತು ಸಾವಿರ ಸಾಲ ಎತ್ತಿ ಅವನಿಗೆ ಕೊಟ್ಟಿದ್ದಳು. ಕೇರಿಯಲ್ಲಿ ಹನ್ನೊಂದು ಮಂದಿ ಸೇರಿದರು, ಒಬ್ಬರಿಗೂ ಹಾಕಿದ ದುಡ್ಡು ತಿರುಗಿ ಬರಲಿಲ್ಲ. ಅವನು ಬಂದ ಅಂದರೆ ಈಗ ಬಾಗಿಲು ಮುಂದಕ್ಕೆ ಮಾಡುತ್ತಾರೆ. ಅವನಿಗೆ ಮೋಸ ಮಾಡಿದವರ ಮುಖ ಅವರು ನೋಡಿಲ್ಲ, ಅವನ ಮುಖ ಮಾತ್ರ ಗೊತ್ತು. ಅಣ್ಣ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದಾನೆ. ಮಂಚದ ಕೆಳಗೆ ಎರಡು ಡಬ್ಬಿ ಸೋಪು ಉಳಿದಿವೆ. ಚಿಗವ್ವ ಅದರಲ್ಲೇ ಬಟ್ಟೆ ಒಗೆಯುತ್ತಾಳೆ, ಸಂಘದ ಕಂತು ಪ್ರತಿ ವಾರ ಕಟ್ಟುತ್ತಾಳೆ.