ಲಾಲ್ ಯಾರ ಮಗಳು?

ಆಕಾಶನೌಕೆಯ ಕಥೆಯೆಂದರೆ ಗಂಡುಹುಡುಗರ ಸರಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಬೆಂಕಿಯ ಕಿರಣ ಬಿಡುವುದು, ಗ್ರಹದಿಂದ ಗ್ರಹಕ್ಕೆ ನೆಗೆಯುವುದು, ಕೊನೆಗೆ ಶತ್ರುವಿನ ನೌಕೆ ಹೊತ್ತಿ ಉರಿಯುವುದು. ಇಷ್ಟೇ ಆದರೆ ಟಿ.ವಿ. ಆರಿಸಿ ಸಾರಿಗೆ ಒಗ್ಗರಣೆ ಹಾಕಲು ಏಳುವುದೇ ಮೇಲು. ಆದರೆ ಅಮೆರಿಕದ ಇಂಥದೊಂದು ಧಾರಾವಾಹಿಯಲ್ಲಿ ನಮ್ಮ ಹೊಸ್ತಿಲ ಒಳಗಿನ ಪ್ರಶ್ನೆಯನ್ನೇ ಎತ್ತಿಕೊಂಡ ಎರಡು ಕಂತುಗಳಿವೆ. ಒಂದು ಜೀವ ಯಾರಿಗೆ ಸೇರಿದ್ದು? ಅದನ್ನು ತೀರ್ಮಾನಿಸುವ ಮೊದಲು ಆ ಜೀವವನ್ನೇ ಒಂದು ಮಾತು ಕೇಳಬೇಕಲ್ಲವೇ? ಇವೇ ಆ ಕಂತುಗಳ ತಿರುಳು.

ಧಾರಾವಾಹಿಯ ಹೆಸರು 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್'. ಜೀನ್ ರಾಡನ್‌ಬೆರಿ ಎಂಬಾತ 1966ರಲ್ಲಿ ಆರಂಭಿಸಿದ 'ಸ್ಟಾರ್ ಟ್ರೆಕ್'ನ ಮುಂದಿನ ಪೀಳಿಗೆಯ ಕಥೆ ಇದು. 1987ರಿಂದ 1994ರವರೆಗೆ ಏಳು ವರ್ಷ ನಡೆದು 178 ಕಂತುಗಳನ್ನು ಕಂಡಿತು. ಎಂಟರ್‌ಪ್ರೈಸ್ ಎಂಬ ದೊಡ್ಡ ನೌಕೆ, ಅದರ ನಾಯಕ ಪಿಕಾರ್ಡ್, ಅವನ ಸಹಾಯಕ ರೈಕರ್, ಒಬ್ಬಳು ವೈದ್ಯೆ, ಮನಸ್ಸಿನ ಕಷ್ಟ ಕೇಳಲೆಂದೇ ನೇಮಕಗೊಂಡ ಟ್ರಾಯ್ ಎಂಬ ಹೆಂಗಸು. ಇವರ ನಡುವೆ ಡೇಟಾ ಎಂಬ ಯಂತ್ರಮಾನವ. ಬಿಳಿಚಿದ ಮುಖ, ಹಳದಿ ಕಣ್ಣು. ಅಪಾರ ಬುದ್ಧಿ, ಆದರೆ ಭಾವನೆಗಳಿಲ್ಲ. ಬ್ರೆಂಟ್ ಸ್ಪೈನರ್ ಎಂಬ ನಟ ಈ ಪಾತ್ರವನ್ನು ಎಷ್ಟು ಹದವಾಗಿ ಮಾಡಿದ್ದಾನೆಂದರೆ, ಭಾವನೆಯಿಲ್ಲದ ಆ ಮುಖ ನೋಡುತ್ತ ನೋಡುತ್ತ ನಮಗೇ ಗಂಟಲು ಕಟ್ಟುತ್ತದೆ.

ಕಳೆದ ದಸರಾ ರಜೆಯಲ್ಲಿ ಮಗಳು ತನ್ನ ಕಂಪ್ಯೂಟರಿನಲ್ಲಿ ಇವನ್ನು ತೋರಿಸಿದಳು. ಮಾತಿನ ವೇಗ ಹಿಡಿಯದಿದ್ದಾಗ ಕೆಳಗೆ ಓಡುವ ಅಕ್ಷರಗಳನ್ನು ಓದಿಕೊಂಡೆ. ನಾನು ಕನ್ನಡ ಪಾಠ ಹೇಳುವವಳು, ವಿಜ್ಞಾನದ ಗಂಧ ಅಷ್ಟಕ್ಕಷ್ಟೆ. ಆದರೆ ಈ ಕಂತುಗಳಿಗೆ ವಿಜ್ಞಾನ ಬೇಕಾಗಲಿಲ್ಲ. ಮಹಾಭಾರತ ಗೊತ್ತಿದ್ದರೆ ಸಾಕಾಯಿತು.

ಮೊದಲನೆಯದು 'ದಿ ಮೆಷರ್ ಆಫ್ ಎ ಮ್ಯಾನ್', 1989ರ ಫೆಬ್ರವರಿಯಲ್ಲಿ ಪ್ರಸಾರವಾದದ್ದು. ಬರೆದವರು ಮೆಲಿಂಡಾ ಸ್ನಾಡ್‌ಗ್ರಾಸ್. ಬರವಣಿಗೆಗೆ ಬರುವ ಮೊದಲು ವಕೀಲಿ ಮಾಡಿದ್ದ ಹೆಂಗಸು. ಮ್ಯಾಡಾಕ್ಸ್ ಎಂಬ ವಿಜ್ಞಾನಿ ಡೇಟಾನನ್ನು ಬಿಚ್ಚಿ ಪರೀಕ್ಷಿಸಿ, ಅವನಂಥವರನ್ನು ರಾಶಿ ರಾಶಿ ತಯಾರಿಸಬೇಕೆಂದು ಹೊರಟಿದ್ದಾನೆ. ಬಿಚ್ಚಿದ ಮೇಲೆ ಮತ್ತೆ ಕೂಡಿಸಲು ಆಗುತ್ತದೆಂಬ ಭರವಸೆ ಡೇಟಾನಿಗಿಲ್ಲ. ನೆನಪುಗಳ ವಿವರ ಉಳಿಯಬಹುದು, ಅವುಗಳ ಸಾರ ಹೋಗಬಹುದು ಎಂಬುದು ಅವನ ಅಳುಕು. ಹಾಗಾಗಿ ನೌಕರಿಗೇ ರಾಜೀನಾಮೆ ಕೊಡುತ್ತಾನೆ. ಆಗ ಮ್ಯಾಡಾಕ್ಸ್ ಹೇಳುವುದೇನು? ಸ್ವತ್ತಿಗೆ ರಾಜೀನಾಮೆ ಕೊಡುವ ಹಕ್ಕೆಲ್ಲಿದೆ? ನೌಕೆಯ ಕಂಪ್ಯೂಟರ್ ರಿಪೇರಿ ಬೇಡ ಎಂದರೆ ಕೇಳುತ್ತೀರಾ?

ಈ ಮಾತಿಗೆ ನಾನೂ ಮಗಳೂ ಒಟ್ಟಿಗೇ ನಕ್ಕೆವು. ನಾಳೆಯಿಂದ ಅಡುಗೆಮನೆಗೆ ನನ್ನ ರಾಜೀನಾಮೆ ಎಂದು ಮನೆಯಾಕೆ ಚೀಟಿ ಬರೆದಿಟ್ಟರೆ ಮನೆಮಂದಿಗೆ ಆಗುವ ಬೆರಗು ಇಂಥದೇ ತಾನೆ? ಕೋಪಕ್ಕಿಂತ ಮೊದಲು ಬೆರಗು. ಇದಕ್ಕೆ ಹಾಗೂ ಮಾಡಲು ಬರುತ್ತದೆಯೇ ಎಂಬ ಬೆರಗು.

ವಿಚಾರಣೆಯ ನ್ಯಾಯಾಧಿಕಾರಿ ಫಿಲಿಪಾ ಲೂವ್ವಾ ಎಂಬ ಹೆಂಗಸು. ಅವಳ ಕಚೇರಿ ಹೊಸದು, ಸಿಬ್ಬಂದಿಯಿಲ್ಲ. ಡೇಟಾನ ಪರ ಪಿಕಾರ್ಡ್ ವಾದಿಸುತ್ತಾನೆ. ವಿರುದ್ಧ ವಾದಿಸಬೇಕಾದವನು ಡೇಟಾನ ಗೆಳೆಯ ರೈಕರ್. ಒಲ್ಲೆನೆಂದರೆ ವಿಚಾರಣೆಯೇ ಇಲ್ಲದೆ ಡೇಟಾ ಸ್ವತ್ತೆಂದು ತೀರ್ಪಾಗುತ್ತದೆ. ಅವನು ಮನಸ್ಸಿಲ್ಲದ ಮನಸ್ಸಿನಿಂದ, ಆದರೆ ಕೊರತೆಯಿಲ್ಲದಂತೆ ವಾದಿಸುತ್ತಾನೆ. ಸಭೆಯ ನಡುವೆ ಡೇಟಾನ ಕೈಯನ್ನು ಕಳಚಿ ತೋರಿಸುತ್ತಾನೆ. ಕೊನೆಗೆ ಗುಂಡಿ ಒತ್ತಿ ಆರಿಸಿಬಿಡುತ್ತಾನೆ. ಡೇಟಾ ಕುಸಿದು ಮೇಜಿನ ಮೇಲೆ ಬೀಳುತ್ತಾನೆ. ತುಂಬಿದ ಸಭೆಯಲ್ಲಿ ಎಲ್ಲರೂ ನೋಡುತ್ತಿರುವಂತೆ ಒಬ್ಬರ ಮೈಮೇಲೆ ಕೈಯಿಟ್ಟು, ಇದು ನಮ್ಮ ವಸ್ತು ಎಂದು ತೋರಿಸುವ ದೃಶ್ಯ ನಮಗೆ ಹೊಸದಲ್ಲ. ದ್ರೌಪದಿ ಆ ಸಭೆಯಲ್ಲಿ ಕಣ್ಣೀರಿಗಿಂತ ಮೊದಲು ಕಾನೂನಿನ ಪ್ರಶ್ನೆ ಹಾಕಿದಳು. ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ? ತನ್ನನ್ನೇ ಸೋತವನಿಗೆ ನನ್ನನ್ನು ಪಣವಿಡುವ ಹಕ್ಕೆಲ್ಲಿ ಉಳಿಯಿತು? ಭೀಷ್ಮನಂಥ ಹಿರಿಯನೂ ಧರ್ಮ ಬಹಳ ಸೂಕ್ಷ್ಮವೆಂದು ಜಾರಿಕೊಂಡ.

ಲೂವ್ವಾ ಜಾರಿಕೊಳ್ಳುವುದಿಲ್ಲ. ಆದರೆ ಆ ತೀರ್ಪಿಗೆ ದಾರಿ ತೆರೆಯುವವಳು ಇನ್ನೊಬ್ಬಳು. ನೌಕೆಯ ಪಾನಗೃಹ ನಡೆಸುವ ಗೈನನ್. ಈ ಪಾತ್ರ ಮಾಡಿದವರು ಹೆಸರಾಂತ ಕಪ್ಪು ನಟಿ ವೂಪಿ ಗೋಲ್ಡ್‌ಬರ್ಗ್. ಸೋಲಿನ ಅಂಚಿನಲ್ಲಿರುವ ಪಿಕಾರ್ಡ್‌ಗೆ ಅವಳು ಮೆಲ್ಲನೆ ನೆನಪಿಸುತ್ತಾಳೆ: ಯಾರೂ ಮಾಡಲೊಲ್ಲದ ಕೆಲಸ ಮಾಡಿಸಿಕೊಂಡು, ಬೇಡವಾದಾಗ ಎಸೆಯಬಹುದಾದ ಜನ ಎಲ್ಲ ಲೋಕಗಳಲ್ಲೂ ಇದ್ದರು, ಸಾವಿರಾರು ಡೇಟಾಗಳು ಹುಟ್ಟಿದರೆ ಅವರೂ ಅಂಥವರೇ ಆಗುತ್ತಾರೆ. ಅವಳ ಬಾಯಿಂದ ಗುಲಾಮಗಿರಿ ಎಂಬ ಪದವೂ ಹೊರಡುವುದಿಲ್ಲ, ಅದನ್ನು ಪಿಕಾರ್ಡನೇ ಕಂಡುಕೊಳ್ಳುವಂತೆ ಮಾಡುತ್ತಾಳೆ. ಅಮೆರಿಕದ ಚರಿತ್ರೆಯಲ್ಲಿ ಮನುಷ್ಯರನ್ನು ಸ್ವತ್ತೆಂದು ಪಟ್ಟಿಯಲ್ಲಿ ಬರೆದಿದ್ದ ಕಾಲವೊಂದಿತ್ತು. ಕಪ್ಪು ಹೆಂಗಸಿನ ಮುಖದಿಂದ ಆ ಮಾತು ಬಂದಾಗ ಕಥೆ ಆಕಾಶದಿಂದ ನೆಲಕ್ಕಿಳಿಯುತ್ತದೆ.

ಡೇಟಾನಿಗೆ ಆತ್ಮವಿದೆಯೋ ಇಲ್ಲವೋ ತನಗೆ ತಿಳಿಯದು, ಆದರೆ ಆಯ್ಕೆಯ ಸ್ವಾತಂತ್ರ್ಯ ಅವನಿಗಿದೆ ಎಂದು ಲೂವ್ವಾ ತೀರ್ಪು ಕೊಡುತ್ತಾಳೆ. ತೀರ್ಪಿಗಿಂತಲೂ ನನ್ನ ಮನಸ್ಸಿನಲ್ಲಿ ನಿಂತದ್ದು ಕೊನೆಯ ಒಂದು ಸಣ್ಣ ಮಾತು. ಕಂತಿನುದ್ದಕ್ಕೂ ಡೇಟಾನನ್ನು 'ಅದು' ಎನ್ನುತ್ತಿದ್ದ ಮ್ಯಾಡಾಕ್ಸ್, ಸೋತ ಮೇಲೆ 'ಅವನು' ಎನ್ನುತ್ತಾನೆ. ಲೂವ್ವಾ ಅದನ್ನು ಗಮನಿಸುತ್ತಾಳೆ. ಎಂಟನೇ ತರಗತಿಗೆ ನಾನು ಲಿಂಗದ ಪಾಠ ಮಾಡುವಾಗ 'ಮಗು' ನಪುಂಸಕಲಿಂಗ ಎಂದು ಬರೆಸುತ್ತೇನೆ. ಮಗು ಅಳುತ್ತದೆ, ಅದು ಮಲಗಿತು. ಅಲ್ಲಿ ಅಕ್ಕರೆಯಿದೆ. ಅದೇ 'ಅದು' ಸೊಸೆಯ ಬಗ್ಗೆ, ಮನೆಗೆಲಸದವಳ ಬಗ್ಗೆ ಬಂದಾಗ ದನಿಯೇ ಬೇರೆ. ವ್ಯಾಕರಣ ಒಂದೇ, ಹೇಳುವವರ ಮನಸ್ಸು ಬೇರೆ.

ಒಂದು ಪದ ಸರಿಹೋದರೆ ಎಷ್ಟು ಸರಿಹೋಗುತ್ತದೆ ಎಂಬುದಕ್ಕೆ ನಮ್ಮಲ್ಲೂ ನಿದರ್ಶನವಿದೆ. 1956ರ ಹಿಂದೂ ಪಾಲಕತ್ವ ಕಾಯ್ದೆಯಲ್ಲಿ ಮಗುವಿನ ಸಹಜ ಪಾಲಕ ತಂದೆ, ಅವನ 'ನಂತರ' ತಾಯಿ ಎಂದಿದೆ. ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು, 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದು ಮಾತ್ರ ಓದಬೇಕಿಲ್ಲ, ಅವನು ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿ ಪಾಲಕಿಯಾಗಬಹುದು ಎಂದು ಅರ್ಥ ಬಿಡಿಸಿತು. ಹೆತ್ತವಳ ಸಹಿಗೆ ಬೆಲೆ ಬರಲು ಒಂದು ಪದದ ಅರ್ಥಕ್ಕಾಗಿ ದೇಶದ ದೊಡ್ಡ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಮಗುವಿನ ಮಾತು ಬಂದದ್ದರಿಂದ ಎರಡನೇ ಕಂತಿಗೆ ಬರುತ್ತೇನೆ. 'ದಿ ಆಫ್‌ಸ್ಪ್ರಿಂಗ್', 1990ರ ಮಾರ್ಚಿನದು. ಬರೆದವರು ರೆನೆ ಎಚೆವರಿಯಾ. ರೈಕರ್ ಪಾತ್ರದ ನಟ ಜೊನಾಥನ್ ಫ್ರೇಕ್ಸ್ ಮೊದಲ ಬಾರಿಗೆ ನಿರ್ದೇಶಿಸಿದ ಕಂತು ಇದು. ಡೇಟಾ ಯಾರಿಗೂ ಹೇಳದೆ ತನ್ನಂಥದೇ ಒಂದು ಜೀವವನ್ನು ಕಟ್ಟುತ್ತಾನೆ. ನನಗೇಕೆ ತಿಳಿಸಲಿಲ್ಲವೆಂದು ಪಿಕಾರ್ಡ್ ರೇಗಿದಾಗ, ನೌಕೆಯ ಬೇರೆ ಯಾರೂ ಮಕ್ಕಳನ್ನು ಪಡೆಯಲು ನಿಮ್ಮ ಅಪ್ಪಣೆ ಕೇಳುವುದಿಲ್ಲವಲ್ಲ ಎಂಬ ಅರ್ಥದ ಉತ್ತರ ಕೊಡುತ್ತಾನೆ. ಹೆಣ್ಣಾಗುವುದೋ ಗಂಡಾಗುವುದೋ ಎಂಬ ಆಯ್ಕೆಯನ್ನು ಮಗುವಿಗೇ ಬಿಡುತ್ತಾನೆ. ಅದು ಹುಡುಗಿಯಾಗಲು ಬಯಸುತ್ತದೆ. ಅವಳಿಗೆ ಅವನಿಡುವ ಹೆಸರು ಲಾಲ್. ಹಿಂದಿಯಲ್ಲಿ ಅದರ ಅರ್ಥ ಮುದ್ದಿನ ಕೂಸು ಎಂದು ಅವನೇ ವಿವರಿಸುತ್ತಾನೆ. ಅಷ್ಟು ದೂರದ ಕಲ್ಪನೆಯ ಆಕಾಶದಲ್ಲಿ ನಮ್ಮ ದೇಶದ ಹೆಸರೊಂದು ಕೇಳಿದಾಗ ಕಿವಿ ನೆಟ್ಟಗಾಯಿತು. ಲಾಲ್ ಪಾತ್ರದಲ್ಲಿ ಹ್ಯಾಲಿ ಟಾಡ್ ಎಂಬ ನಟಿಯದು ಮರೆಯಲಾಗದ ಅಭಿನಯ.

ಲಾಲ್ ಶಾಲೆಗೆ ಹೋಗುತ್ತಾಳೆ. ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತದ್ದು ಅಲ್ಲಿಯೇ. ಪಾಠ ಅವಳಿಗೆ ನೀರು ಕುಡಿದಷ್ಟು ಸುಲಭ, ಜೊತೆಯವರೊಡನೆ ಬೆರೆಯುವುದು ಮಾತ್ರ ಬಾರದು. ಚಿಕ್ಕ ಮಕ್ಕಳ ಜೊತೆ ಕೂರಿಸಿದರೆ ಅವು ಅವಳನ್ನು ಕಂಡು ಹೆದರುತ್ತವೆ. ಪ್ರತಿ ವರ್ಷವೂ ತರಗತಿಯಲ್ಲಿ ಇಂಥ ಒಂದು ಮಗು ಇದ್ದೇ ಇರುತ್ತದೆ. ಕಿಟಕಿಯ ಪಕ್ಕ ಒಂಟಿಯಾಗಿ ಕೂರುವ, ಉತ್ತರವೆಲ್ಲ ಗೊತ್ತಿದ್ದೂ ಗೆಳತಿಯೊಬ್ಬಳೂ ಇಲ್ಲದ ಮಗು. ಡೇಟಾ ಅವಳನ್ನು ಗೈನನ್ ಬಳಿ ಕೆಲಸಕ್ಕೆ ಬಿಡುತ್ತಾನೆ, ನಾಲ್ಕು ಜನರನ್ನು ನೋಡಿ ಕಲಿಯಲಿ ಎಂದು. ನೋಡಿದ್ದನ್ನು ಹಾಗೇ ಅನುಕರಿಸಿ ಅವಳು ರೈಕರ್‌ಗೆ ಮುತ್ತಿಟ್ಟಾಗ, ಅಲ್ಲಿಗೆ ಬಂದ ಡೇಟಾ ಗಂಭೀರವಾಗಿ, ನನ್ನ ಮಗಳ ವಿಷಯದಲ್ಲಿ ನಿಮ್ಮ ಉದ್ದೇಶವೇನು ಎಂದು ಮೇಲಧಿಕಾರಿಯನ್ನೇ ಕೇಳುತ್ತಾನೆ. ಎಲ್ಲ ಊರಿನ ಅಪ್ಪಂದಿರೂ ಒಂದೇ!

ಆಗ ಬರುತ್ತಾನೆ ಹ್ಯಾಫ್ಟೆಲ್ ಎಂಬ ದೊಡ್ಡ ಅಧಿಕಾರಿ. ಲಾಲ್‌ಳನ್ನು ಬೇರೆಡೆಯ ಸಂಶೋಧನಾ ಕೇಂದ್ರಕ್ಕೆ ಕಳಿಸಬೇಕು, ಅಪ್ಪ ಜೊತೆಗಿರಬಾರದು ಎಂಬುದು ಅವನ ಪಟ್ಟು. ಅವನು ಕೆಟ್ಟವನಲ್ಲ, ಅವನಿಗೂ ಮಕ್ಕಳಿದ್ದಾರೆ. ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂಬ ಅವನ ದನಿ ನಮಗೆ ಚಿರಪರಿಚಿತ. ಹೆಣ್ಣುಮಗುವನ್ನು ಓದು ಬಿಡಿಸುವಾಗ, ಅಜ್ಜಿಮನೆಗೆ ಕಳಿಸುವಾಗ, ಬೇಗ ಮದುವೆ ಮಾಡುವಾಗ ಹಿರಿಯರ ದನಿ ಹೀಗೇ ಇರುತ್ತದೆ. ಲಾಲ್ ಇಲ್ಲೇ ಇರುತ್ತೇನೆನ್ನುತ್ತಾಳೆ. ಅವನು ಕೇಳಿಸಿಕೊಳ್ಳುತ್ತಾನೆ, ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವಳು ಟ್ರಾಯ್ ಬಳಿ ಓಡಿಬಂದು ಎದೆ ಮುಟ್ಟಿಕೊಂಡು ತನಗಾಗುತ್ತಿರುವುದನ್ನು ತೋರಿಸುತ್ತಾಳೆ. ಅದು ಭಯ. ಅಪ್ಪನಿಗಿಲ್ಲದ ಭಾವನೆ ಮಗಳಲ್ಲಿ ಹುಟ್ಟಿದೆ, ಹುಟ್ಟಿದ ಮೊದಲ ಗಳಿಗೆಯಲ್ಲೇ ಅವಳ ಮಿದುಳನ್ನು ಕೆಡಿಸುತ್ತಿದೆ.

ಅವಳನ್ನು ಉಳಿಸಲು ಡೇಟಾ ಮತ್ತು ಹ್ಯಾಫ್ಟೆಲ್ ಜೊತೆಯಾಗಿ ದುಡಿಯುತ್ತಾರೆ, ಕೈಗೂಡುವುದಿಲ್ಲ. ಹೊರಬಂದ ಅಧಿಕಾರಿ ನಡುಗುವ ದನಿಯಲ್ಲಿ ಹೇಳುವುದು ಡೇಟಾನ ಕೈಗಳ ಬಗ್ಗೆ. ಕಣ್ಣಿಗೆ ಕಾಣದಷ್ಟು ವೇಗವಾಗಿ ಅವು ಓಡುತ್ತಿದ್ದವಂತೆ, ಅವನು ಸೋಲೊಪ್ಪಲಿಲ್ಲವಂತೆ. ನಿನ್ನನ್ನು ಪ್ರೀತಿಸುತ್ತೇನೆ ಎಂದ ಮಗಳಿಗೆ ಡೇಟಾ, ಆ ಭಾವ ನನ್ನಲ್ಲಿಲ್ಲ ಎಂದು ನಿಜವನ್ನೇ ನುಡಿಯುತ್ತಾನೆ. ಇಬ್ಬರ ಪಾಲನ್ನೂ ನಾನೇ ಅನುಭವಿಸುತ್ತೇನೆ ಎನ್ನುತ್ತಾಳೆ ಅವಳು. ಬಾಯಲ್ಲಿ ಪ್ರೀತಿ ಎನ್ನದೆ ಕೈಯಲ್ಲಿ ಮಾಡಿ ತೋರಿಸಿದ ಎಷ್ಟು ತಾಯಂದಿರನ್ನು ನಾವು ಕಂಡಿಲ್ಲ! ಪ್ರೀತಿಗೆ ಸಾಕ್ಷಿ ಕೆಲಸ ಎಂಬ ಈ ತಿಳಿವಳಿಕೆಯೇ ಈ ಕಂತಿನ ಹಿರಿಮೆ.

ಆದರೂ ನನ್ನದೊಂದು ತಕರಾರಿದೆ. ಹಿಂದಿನ ವರ್ಷ ನ್ಯಾಯಾಲಯ ಡೇಟಾನಿಗೆ ಆಯ್ಕೆಯ ಹಕ್ಕು ಕೊಟ್ಟಿತ್ತಲ್ಲ, ಅದು ಅವನ ಮಗಳಿಗೆ ಏಕೆ ದಕ್ಕಲಿಲ್ಲ? ಒಬ್ಬನಿಗೆ ಮಾತ್ರ ಸಿಕ್ಕಿ, ಅವನ ಮಕ್ಕಳ ಹೊತ್ತಿಗೆ ಇಲ್ಲವಾಗುವ ಹಕ್ಕನ್ನು ಹಕ್ಕೆನ್ನಬೇಕೋ, ದಯೆ ಎನ್ನಬೇಕೋ? ಕುರುಡಾಗಿ ಅಪ್ಪಣೆ ಪಾಲಿಸಲಾಗದ ಸಮಯಗಳಿರುತ್ತವೆ ಎಂದು ಪಿಕಾರ್ಡ್ ಅಧಿಕಾರಿಯೆದುರು ನಿಲ್ಲುತ್ತಾನೆ ನಿಜ. ಆದರೆ ಪ್ರಶ್ನೆ ಮೇಲಿನ ನ್ಯಾಯಸ್ಥಾನಕ್ಕೆ ಹೋಗುವ ಮೊದಲೇ ಲಾಲ್ ಸಾಯುತ್ತಾಳೆ. ಬರೆದವರಿಗೆ ದಾರಿ ಸುಲಭವಾಯಿತು. ತೀರ್ಪು ಕೊಡುವ ಕಷ್ಟ ಯಾರಿಗೂ ಉಳಿಯಲಿಲ್ಲ. ಹುಡುಗಿ ಸತ್ತಳು, ಎಲ್ಲರೂ ಕಣ್ಣೊರೆಸಿಕೊಂಡರು, ಅವಳ ನೆನಪುಗಳನ್ನು ಅಪ್ಪ ತನ್ನೊಳಗೆ ಸೇರಿಸಿಕೊಂಡು ಕೆಲಸಕ್ಕೆ ಮರಳಿದ. ಬಿಡಿಸಲಾಗದ ಗಂಟನ್ನು ಹೆಣ್ಣಿನ ಸಾವಿನಿಂದ ಕತ್ತರಿಸುವ ಚಾಳಿ ನಮ್ಮ ಸಿನಿಮಾ, ಕಾದಂಬರಿಗಳಿಗೆ ಹೊಸದಲ್ಲ. ಸಾವಿರಾರು ನಕ್ಷತ್ರ ದಾಟಿಹೋದ ನೌಕೆಯಾದರೂ ಅದನ್ನು ಬಿಡಬಹುದಿತ್ತು. 2020ರಲ್ಲಿ ಬಂದ 'ಸ್ಟಾರ್ ಟ್ರೆಕ್: ಪಿಕಾರ್ಡ್' ಧಾರಾವಾಹಿಯಲ್ಲಿ ಡೇಟಾನಿಗೆ ಮತ್ತೆ ಇಬ್ಬರು ಹೆಣ್ಣುಮಕ್ಕಳು, ಡಾಜ್ ಮತ್ತು ಸೋಜಿ. ಮೊದಲ ಕಂತಿನಲ್ಲೇ ಡಾಜ್ ಸಾಯುತ್ತಾಳೆ. ಮೂವತ್ತು ವರ್ಷ ಕಳೆದರೂ ಅಭ್ಯಾಸ ಹೋಗಿರಲಿಲ್ಲ.

ಆದರೆ ತಕರಾರಿದೆಯೆಂದು ನೋಡದೆ ಬಿಡುವಂಥ ಕಂತುಗಳಲ್ಲ ಇವು. ಒಂದೊಂದೂ ಮುಕ್ಕಾಲು ಗಂಟೆಯದು. ಎರಡನ್ನೂ ಇದೇ ಕ್ರಮದಲ್ಲಿ, ಮನೆಯ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು ನೋಡಿ. ಲಾಲ್ ಯಾರಿಗೆ ಸೇರಬೇಕಿತ್ತು ಎಂದು ಆಮೇಲೆ ಮಕ್ಕಳನ್ನು ಕೇಳಿ. ಅಪ್ಪನಿಗೆ ಎಂದು ಒಬ್ಬರು ಹೇಳಬಹುದು, ಸರ್ಕಾರಕ್ಕೆ ಎಂದು ಇನ್ನೊಬ್ಬರು ಹೇಳಬಹುದು. ಅವಳನ್ನೇ ಕೇಳಬೇಕಿತ್ತು ಎಂದು ಯಾವ ಮಗು ಹೇಳುತ್ತದೆಯೋ, ಆ ಮಗುವಿಗೆ ನೀವು ಕೊಟ್ಟ ಶಿಕ್ಷಣ ಚೆನ್ನಾಗಿದೆ ಎಂದು ಒಬ್ಬ ಟೀಚರಾಗಿ ನಾನು ಧೈರ್ಯವಾಗಿ ಹೇಳಬಲ್ಲೆ.